ಎರಡು ಮನೆಗೆ ಒಂದು ಬಲ್ಬು

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ತೂತಿದೆ. ತೂತು ಎಂದರೆ ಮೊಳೆ ಹೊಡೆದ ತೂತಲ್ಲ. ಮಧ್ಯಮ ಗಾತ್ರದ ಕುಂಬಳಕಾಯಿಯೊಂದು ಈ ಕಡೆಯಿಂದ ಆ ಕಡೆಗೆ ಆರಾಮಾಗಿ ದಾಟಬಹುದಾದಂಥ ತೂತು. ಅದರ ನಡುವೆ ಒಂದು ಬಲ್ಬು ತೂಗುತ್ತಿರುತ್ತದೆ. ಮೊನ್ನೆ ಕೂಲರ್ ರಿಪೇರಿಗೆ ಬಂದವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಹಳ ಹೊತ್ತು ಅದನ್ನು ನೋಡುತ್ತ ನಿಂತ.

"ಸರ್, ಇದು ಯಾವ ಮನಿ ಲೈಟ್ರೀ?"

"ಎರಡೂ ಮನೀದು" ಎಂದೆ.

ಅವನು ನಂಬದೆ ತೂತಿನೊಳಗೆ ಬಗ್ಗಿ ನೋಡಿದ. ಆ ಕಡೆಯಿಂದ ನಮ್ಮ ನೆರೆಮನೆಯ ಶಾಂತಾಬಾಯಿ, "ಛಾ ಕುಡೀತೀಯೇನಪ್ಪಾ?" ಎಂದು ಕೇಳಿದರು. ಅವನು ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡ. ಕೂಲರ್ ರಿಪೇರಿ ಮುಗಿಯುವವರೆಗೂ ಮತ್ತೆ ಆ ಗೋಡೆಯ ಕಡೆ ಮುಖ ಮಾಡಲಿಲ್ಲ. ನೀವೂ ನಮ್ಮ ಮನೆಗೆ ಬಂದರೆ ಇದೇ ಪ್ರಶ್ನೆ ಕೇಳುತ್ತೀರಿ. ಅದಕ್ಕೇ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿ. ನಮ್ಮ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಅಪ್ಪ ಒಂದು ಗೂಡು ಕೊರೆಸಿ, ಅದರಲ್ಲಿ ನಲವತ್ತು ಕ್ಯಾಂಡಲಿನ ಒಂದು ಬಲ್ಬು ತೂಗುಬಿಟ್ಟಿದ್ದರು. ಎರಡು ಕೋಣೆಗೆ ಒಂದೇ ಬೆಳಕು. ಬಂದವರು ನಕ್ಕರೆ ಅಪ್ಪ ಬೇಸರಪಡುತ್ತಿರಲಿಲ್ಲ. "ಬೆಳಕಿಗಿ ಎರಡೂ ಕಡಿ ಮಾರಿ ಇರ್ತದ. ಒಂದ್ ಮಾರಿ ಗ್ವಾಡಿಗಿ ತೋರಿಸಿ ಕೂಡಿಸೂದ್ ಯಾಕ?" ಎನ್ನುತ್ತಿದ್ದರು. ಆ ಗೂಡಿನಲ್ಲಿ ಒಂದು ಹಲ್ಲಿಯೂ ಇತ್ತು. ಅದು ಎರಡೂ ಕೋಣೆಯ ಹುಳುಗಳನ್ನು ತಿಂದು, ಆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿತ್ತು.

ಸಂಜೆ ಪಡಸಾಲೆಯ ಕಡೆ ನಾನೂ ಅಣ್ಣನೂ ಓದುತ್ತ ಕೂರುತ್ತಿದ್ದೆವು. ಆ ಕಡೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ರೊಟ್ಟಿ ತಿರುವಲು ಎದ್ದಳೆಂದರೆ ಅವಳ ನೆರಳು ಬಂದು ನಮ್ಮ ಪುಸ್ತಕದ ಮೇಲೆ ಬೀಳುತ್ತಿತ್ತು. ಅವಳು ಕೂತ ಮೇಲೆ ಮತ್ತೆ ಅಕ್ಷರ ಕಾಣುತ್ತಿದ್ದವು. ನನ್ನ ಹದಿಮೂರರ ಮಗ್ಗಿ ಇವತ್ತಿಗೂ ನಡುವೆ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ಅವ್ವ ಎದ್ದಿದ್ದಳು ಎಂದೇ ನಾನು ನಂಬಿದ್ದೇನೆ. ಇಂಥವನು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ ಎನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ನೀವು ದಯವಿಟ್ಟು ಹೇಳಬಾರದು.

ಇಷ್ಟು ಹೇಳಿದ್ದು ಯಾಕೆಂದರೆ, ತೂತು ನನ್ನ ತಲೆಯಲ್ಲಿ ಮೊದಲಿಂದ ಇತ್ತು. ಗೋಡೆಗೆ ಬಂದದ್ದು ಆಮೇಲೆ.

ಈ ಮಾರ್ಚಿನ ಒಂದು ಸೋಮವಾರ ನಮ್ಮ ಹೆಡ್‌ಮಿಸ್ ಕರೆದು, ಪ್ರಾರ್ಥನೆಯ ಹೊತ್ತಿಗೆ ಮನೆಯಲ್ಲಿ ವಿದ್ಯುತ್ ಉಳಿಸುವ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರು. ನಾನು ನಲವತ್ತು ನಿಮಿಷ ಮಾತಾಡಿದೆ. ಮಾಳಿಗೆಗೆ ಸುಣ್ಣ ಬಳಿದರೆ ಕೆಳಗಿನ ಕೋಣೆ ತಂಪಾಗುತ್ತದೆ. ಫ್ರಿಜ್ಜಿನ ನೀರಿನ ಬದಲು ಮಣ್ಣಿನ ಗಡಿಗೆ ಇಡಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು. ಮೊಬೈಲ್ ತೆಗೆದ ಮೇಲೆ ಚಾರ್ಜರನ್ನೂ ಕೀಳಬೇಕು. ಬೇಳೆಯನ್ನು ಬಿಸಿಲಿನ ಪೆಟ್ಟಿಗೆಯಲ್ಲಿ ಬೇಯಿಸಬಹುದು. ಕಲಬುರಗಿಯ ಬಿಸಿಲನ್ನು ಬೈಯುವುದರ ಬದಲು ಅದಕ್ಕೆ ಕೆಲಸ ಹಚ್ಚಬೇಕು. ಕೊನೆಯ ಮಾತಿಗೆ ನಾನೇ ತಲೆದೂಗಿದೆ. ಆಗ ಎಂಟನೆಯ ತರಗತಿಯ ಭಾಗ್ಯಶ್ರೀ ಕೈ ಎತ್ತಿದಳು.

"ಸರ್, ಇವೆಲ್ಲಾ ನಿಮ್ಮ ಮನ್ಯಾಗ ಮಾಡೀರೇನ್ರೀ?"

ಹೆಡ್‌ಮಿಸ್ ಪಕ್ಕದಲ್ಲೇ ನಿಂತಿದ್ದರು. "ಮಾಡೀನವ್ವಾ. ಎಲ್ಲಾ ಮಾಡೀನಿ" ಎಂದೆ.

"ಹಂಗಾದ್ರ ಸನಿವಾರ ಸಾಲಿ ಬಿಟ್ಟ ಮ್ಯಾಲ ನಮ್ಮ ಕ್ಲಾಸಿನವ್ರೆಲ್ಲಾ ನೋಡ್ಲಾಕ ಬರ್ತೀವ್ರಿ."

ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು. ಇಡೀ ಶಾಲೆ ತಟ್ಟಿತು. ಬೇರೆ ದಾರಿ ಕಾಣದೆ ನಾನೂ ತಟ್ಟಿದೆ.

ನಿಜ ಹೇಳಬೇಕೆಂದರೆ, ನಮ್ಮ ಮನೆಯಲ್ಲಿ ಕೂಲರು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿತ್ತು. ಟಿವಿ ತನ್ನನ್ನು ತಾನೇ ನೋಡಿಕೊಳ್ಳುತ್ತಿತ್ತು. ಚಾರ್ಜರು ಬೋರ್ಡಿನಿಂದ ಹೊರಗೆ ಬಂದದ್ದನ್ನು ನಾನು ಕಂಡದ್ದೇ ಇಲ್ಲ. ಸಂಜೆ ನನ್ನ ಹೆಂಡತಿ ಕಸ್ತೂರಿಗೆ ವಿಷಯ ಹೇಳಿದೆ.

"ಸುಳ್ಳ ಯಾಕ ಹೇಳಿದ್ರಿ?"

"ಹೆಡ್‌ಮಿಸ್ ಬಾಜೂಕ ನಿಂತಿದ್ರು."

"ಹಂಗಾದ್ರ ಅವರನ್ನೇ ಕರ್ಕೊಂಡ್ ಬಂದು ಮಾಡಿಸ್ರಿ. ನಾ ನಾಳಿಗಿ ಕಮಲಾಪುರಕ ಹೊಂಟೀನಿ, ಅತ್ತಿನ್ನ ಕರ್ಕೊಂಡ್ ಬರ್ಲಾಕ."

ಅವ್ವ ಕಮಲಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಶುಕ್ರವಾರ ಅವಳನ್ನು ಇಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸುವುದಿತ್ತು. ಕಸ್ತೂರಿ ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದಳು. ನಾನು ನೇರವಾಗಿ ನೆರೆಮನೆಯ ಧರ್ಮಣ್ಣನ ಬಾಗಿಲು ಬಡಿದೆ.

ನಮ್ಮದು ಕಲಬುರಗಿಯ ಕುಸನೂರಿನ ಕಡೆಯ ಜೋಡಿಮನೆ. ನಡುವೆ ಒಂದೇ ಗೋಡೆ. ಈ ಕಡೆ ನಾವು, ಆ ಕಡೆ ಧರ್ಮಣ್ಣ ಮತ್ತು ಶಾಂತಾಬಾಯಿ. ಧರ್ಮಣ್ಣ ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ಮೊದಲ ತಿಂಗಳಲ್ಲೇ ಮನೆಯ ಮಿಕ್ಸರನ್ನು ಬಿಚ್ಚಿ, ಜೋಡಿಸಿ, ಉಳಿದ ಮೂರು ಸ್ಕ್ರೂಗಳನ್ನು ಕಪಾಟಿನಲ್ಲಿ ಇಟ್ಟಿದ್ದರು. ಅಂದಿನಿಂದ ಶಾಂತಾಬಾಯಿ ಅವರಿಗೆ ಮನೆಯ ಯಾವ ವೈರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆ ವಾರ ಶಾಂತಾಬಾಯಿ ಕೋಟನೂರದ ಮಗಳ ಮನೆಗೆ ಹೋಗಿದ್ದರು. ಹೀಗಾಗಿ ನನ್ನ ಕಷ್ಟ ಕೇಳಿದ್ದೇ ಧರ್ಮಣ್ಣನ ಮುಖ ಅರಳಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಸ್ತೂರಿಗೂ ಶಾಂತಾಬಾಯಿಗೂ ಹಿಂದಿನ ಬೇಸಿಗೆಯಿಂದ ಮಾತಿರಲಿಲ್ಲ. ಇಬ್ಬರೂ ಒಂದೇ ದಿನ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದರು. ಮಧ್ಯಾಹ್ನ ಎದ್ದ ಸುಂಟರಗಾಳಿ ಮೊಣಕಾಲೆತ್ತರದ ಗೋಡೆ ದಾಟಿಸಿ ಎರಡೂ ಮನೆಯ ಸಂಡಿಗೆಗಳನ್ನು ಒಂದು ಮಾಡಿತು. ಕಸ್ತೂರಿ ತನ್ನವೆಂದು ತಿಳಿದವುಗಳನ್ನು ಆರಿಸಿಕೊಂಡು ಬಂದಳು. ಅದರಲ್ಲಿ ತಮ್ಮ ಚಕ್ರದ ಸಂಡಿಗೆ ಬಹಳ ಹೋದವು ಎಂದು ಶಾಂತಾಬಾಯಿ ಅಂದರು. ಹದಿನೈದು ವರ್ಷ ಒಬ್ಬರ ಮನೆಯ ಹೆಪ್ಪಿನಿಂದ ಇನ್ನೊಬ್ಬರ ಮನೆಯ ಮೊಸರು ಆಗುತ್ತಿದ್ದ ಸ್ನೇಹ ಅಲ್ಲಿಗೆ ನಿಂತಿತು. ಗಂಡಸರು ನಾವು ಗೇಟಿನ ಹೊರಗೆ, ಕಳ್ಳರ ಹಾಗೆ ಮಾತಾಡಿಕೊಳ್ಳುತ್ತಿದ್ದೆವು. ಹಬ್ಬದ ದಿನ ಆ ಮನೆಯ ಒಗ್ಗರಣೆ ವಾಸನೆ ಬಂದರೆ ಕಸ್ತೂರಿ ಕಿಟಕಿ ಹಾಕುತ್ತಿದ್ದಳು. ಹಾಕುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಅದನ್ನು ನೋಡಿದಾಗ ನನಗೆ ಏನೋ ಆಗುತ್ತಿತ್ತು.

ಮಂಗಳವಾರ ಶಾಲೆಯಿಂದ ಬಂದು ಮಾಳಿಗೆಗೆ ಸುಣ್ಣ ಬಳಿದೆ. ಉತ್ಸಾಹದಲ್ಲಿ ಮೂರು ಕೈ ಬಳಿದೆ. ಮರುದಿನ ಬಿಸಿಲಿಗೆ ಅದು ಹೊಳೆದ ಹೊಳಪಿಗೆ ಎದುರುಮನೆಯವರು ಮೇಲಿನ ಕಿಟಕಿಗೆ ದುಪ್ಪಟಿ ಕಟ್ಟಿದರು. ಪಾರಿವಾಳಗಳು ಇಳಿಯಲು ಬಂದು, ಮನಸ್ಸು ಬದಲಿಸಿ ಹೋದವು. ಧರ್ಮಣ್ಣ ತಮಗೆ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಹಸಿರು ಕನ್ನಡಕ ಹಾಕಿಕೊಂಡು ಮೇಲೆ ಬಂದು, "ಮಾಸ್ತರ್, ಭಾಳ ಹಸಿರಾಗ್ಯಾದ" ಎಂದು ಮೆಚ್ಚಿದರು.

ಶಾಲೆಯ ಪ್ರಯೋಗಾಲಯದಲ್ಲಿ ಧೂಳು ತಿನ್ನುತ್ತಿದ್ದ ಬಿಸಿಲ ಕುಕ್ಕರನ್ನೂ ತಂದು ಮಾಳಿಗೆಯ ಮೇಲಿಟ್ಟೆ. ಗೋಣಿಚೀಲ ಕಟ್ಟಿದೆ. ಗಡಿಗೆ ಬಂತು. ಆದರೂ ಮಕ್ಕಳು ಬಾಯಿ ತೆರೆದು ನೋಡುವಂಥದ್ದು ಏನೂ ಇಲ್ಲವೆನಿಸಿತು. ಆಗ ಬಾಯಿ ತಪ್ಪಿ ಕಮಲಾಪುರದ ಬಲ್ಬಿನ ಕತೆ ಹೇಳಿದೆ. ಧರ್ಮಣ್ಣ ಕನ್ನಡಕ ತೆಗೆದರು.

"ಮಾಸ್ತರ್, ನಿಮ್ಮ ಪಡಸಾಲಿ, ನಮ್ಮ ಪಡಸಾಲಿ, ನಡುವ ಒಂದೇ ಗ್ವಾಡಿ. ಒಂದ್ ಇಟ್ಟಂಗಿ ತೆಗದ್ರ ಮುಗೀತು."

"ಮನ್ಯಾಗ ಕೇಳಬೇಕಲ್ರೀ?"

"ಮನ್ಯಾಗ ಯಾರೂ ಇಲ್ಲಲ್ರೀ!"

ಬುಧವಾರ ಸಂಜೆ ಉಳಿ ಸುತ್ತಿಗೆ ತಂದೆವು. ಐದನೆಯ ಏಟಿಗೆ ಒಂದು ಇಟ್ಟಿಗೆ ಆ ಕಡೆ ಬಿತ್ತು. ಅದರ ಹಿಂದೆ ಇನ್ನೂ ಐದಾರು ಇಟ್ಟಿಗೆ, ಯಾರೂ ಕರೆಯದೆ, ತಾವಾಗಿಯೇ ಬಂದವು. ಧೂಳು ಇಳಿದಾಗ ತೂತಿನ ಆ ತುದಿಯಲ್ಲಿ ಧರ್ಮಣ್ಣನ ಮುಖ ಕಂಡಿತು.

"ನಮಸ್ಕಾರ್ರೀ ಮಾಸ್ತರ್" ಎಂದರು.

ನಾನೂ ನಮಸ್ಕಾರ ಎಂದೆ.

"ಜರಾ ದೊಡ್ಡದಾತೇನ್ರೀ?"

"ಬಲ್ಬ್ ಒಂದೀಟು ದೊಡ್ಡದ್ ಹಾಕೂಣು" ಎಂದೆ.

ಅಂಚಿಗೆ ಸಿಮೆಂಟು ಮೆತ್ತಿದೆವು. ಧರ್ಮಣ್ಣ ಮೆಟ್ಟಿಲಿನ ದೀಪಕ್ಕೆ ಮಾಡುವಂತೆ ಎರಡೂ ಕಡೆ ಸ್ವಿಚ್ಚು ಕೂಡಿಸಿದರು. ಯಾವ ಕಡೆಯಿಂದ ಒತ್ತಿದರೂ ಬಲ್ಬು ಹತ್ತುತ್ತಿತ್ತು, ಯಾವ ಕಡೆಯಿಂದ ಒತ್ತಿದರೂ ಆರುತ್ತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು. ತೊಂದರೆ ಇದ್ದದ್ದು ನಮ್ಮಿಬ್ಬರ ಮರ್ಯಾದೆಯಲ್ಲಿ. ನಾನು ಊಟಕ್ಕೆ ಎದ್ದಾಗ ಬಲ್ಬು ಆರಿಸಿದೆ. ಆ ಕಡೆ ಪೇಪರ್ ಓದುತ್ತಿದ್ದ ಧರ್ಮಣ್ಣ "ಏನ್ ತೊಂದ್ರಿ ಇಲ್ರೀ" ಎನ್ನುತ್ತ ಮತ್ತೆ ಹಚ್ಚಿದರು. ನನಗೆ ನಾಚಿಕೆಯಾಯಿತು. ಆಮೇಲೆ ನಾನು ಆರಿಸಲಿಲ್ಲ, ಅವರಿಗೆ ಬೇಕಾಗಿರಬಹುದು. ಅವರೂ ಆರಿಸಲಿಲ್ಲ, ನನಗೆ ಬೇಕಾಗಿರಬಹುದು. ಆ ಬಲ್ಬು ಬುಧವಾರ ಸಂಜೆ ಹತ್ತಿದ್ದು, ಸೌಜನ್ಯದ ಬಲದಿಂದ, ಹಗಲೂ ರಾತ್ರಿ ಉರಿಯುತ್ತಲೇ ಇತ್ತು. ಮಲಗುವಾಗ ಅವರು ತಮ್ಮ ಕಡೆ ಒಂದು ಟವೆಲ್ ಇಳಿಬಿಡುತ್ತಿದ್ದರು, ನಾನು ನನ್ನ ಕಡೆ ಒಂದು ಲುಂಗಿ.

ಗುರುವಾರ ಸಂಜೆ ಕಸ್ತೂರಿ ಅವ್ವನನ್ನೂ ಒಂದು ಗೊನೆ ಕೆಂಪು ಬಾಳೆಹಣ್ಣನ್ನೂ ಆಟೋದಿಂದ ಇಳಿಸಿದಳು. ಅದೇ ಹೊತ್ತಿಗೆ ಶಾಂತಾಬಾಯಿಯ ಆಟೋ ಕೋಟನೂರದಿಂದ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಹೋದರು. ಇಬ್ಬರೂ ಗೋಡೆಯ ಕಡೆ ತಿರುಗಿದರು. ತೂತಿನಲ್ಲಿ, ಉರಿಯುವ ಬಲ್ಬಿನ ಕೆಳಗೆ, ಹತ್ತು ತಿಂಗಳ ಮೇಲೆ ಅವರ ಮುಖಗಳು ಎದುರಾದವು.

"ರೀ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಗಾಬರಿಯಲ್ಲಿ ಶಾಂತಾಬಾಯಿಯ ಕೂಗಿಗೆ ನಾನು ಓಗೊಟ್ಟೆ, ಕಸ್ತೂರಿಯ ಕೂಗಿಗೆ ಧರ್ಮಣ್ಣ ಓಗೊಟ್ಟರು.

ಮುಂದೆ ಏನಾಗುತ್ತಿತ್ತೋ. ಅಷ್ಟರಲ್ಲಿ ಅವ್ವ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು, "ಛಲೋ ಮಾಡ್ಯಾರ, ಛಲೋ ಮಾಡ್ಯಾರ" ಎನ್ನುತ್ತ ತೂತಿಗೆ ಮುಖ ಕೊಟ್ಟು ಕೂತಳು. ಅವ್ವನ ಕಿವಿಯ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಕೇಳುವುದಿಲ್ಲ ಎಂದು ಅಣ್ಣ ಹೇಳುತ್ತಾನೆ. ಬೇಕಾದ್ದು ಕೇಳುತ್ತದೆ ಎಂದು ಅತ್ತಿಗೆ ಹೇಳುತ್ತಾಳೆ. ನನ್ನ ಮತ ಅತ್ತಿಗೆಯ ಕಡೆ.

ಶಾಂತಾಬಾಯಿ ಮೊದಲು ಬಾಯಿ ತೆರೆದರು. "ಆಯಿ, ನಿಮ್ಮ ಸೊಸಿಗಿ ಹೇಳ್ರಿ, ನಮ್ಮ ಚಕ್ರದ ಸಂಡಿಗಿ ಒಂದ್ ಡಬ್ಬಿ ಕಮ್ಮಿ ಬಿದ್ದಾವಂತ."

ಅವ್ವ ಮೂರಡಿ ದೂರದಲ್ಲಿ ನಿಂತಿದ್ದ ಕಸ್ತೂರಿಯ ಕಡೆ ತಿರುಗಿದಳು. "ಕಸ್ತೂರೀ, ಶಾಂತಾ ನಿನಗ ಒಂದ್ ಡಬ್ಬಿ ಸಂಡಿಗಿ ಕೊಡ್ತಾಳಂತ ನೋಡ."

"ಅತ್ತೀ, ಅವರದೇನೂ ನಮಗ ಬ್ಯಾಡಂತ ಹೇಳ್ರಿ!"

ಅವ್ವ ತೂತಿನ ಕಡೆ ತಿರುಗಿದಳು. "ಯವ್ವಾ ಶಾಂತಾ, ಡಬ್ಬಿ ಖಾಲಿ ತಿರುಗಿ ಕೊಡಂಗಿಲ್ಲಂತ. ಬಾಳಿಹಣ್ಣ ಹಾಕಿ ಕೊಡ್ತಾಳಂತ."

ಯಾರು ಏನಂದರು ಎನ್ನುವುದು ಎಲ್ಲರಿಗೂ ಕೇಳಿಸಿತ್ತು. ಆದರೆ ಎಂಬತ್ತು ದಾಟಿದ ಮುದುಕಿ ಬಾಯಿ ತುಂಬ "ಯವ್ವಾ" ಎಂದಾಗ, ನಾನು ಹಾಗೆ ಅಂದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಹತ್ತು ನಿಮಿಷದ ಮೇಲೆ ಒಂದು ಸಂಡಿಗೆ ಡಬ್ಬಿ ತೂತಿನೊಳಗಿಂದ ಬಂತು. ಕೆಂಪು ಬಾಳೆಹಣ್ಣು ತುಂಬಿಕೊಂಡು ಹೋಯಿತು. ಕೊಟ್ಟವರೂ ತೆಗೆದುಕೊಂಡವರೂ ಕೋರ್ಟಿನ ಸಮನ್ಸು ಕೊಟ್ಟುಕೊಳ್ಳುವವರ ಹಾಗೆ ಮುಖ ಬಿಗಿದುಕೊಂಡಿದ್ದರು.

ಶುಕ್ರವಾರ ಕಣ್ಣಿನ ಡಾಕ್ಟರು ನೋಡಿ, ಹನಿ ಔಷಧ ಬರೆದುಕೊಟ್ಟರು. ಅವ್ವ ಮನೆಗೆ ಬಂದವಳೇ ಮತ್ತೆ ಕುರ್ಚಿ ಹಿಡಿದಳು. ಶಾಂತಾಬಾಯಿ ಇನ್ನೊಂದು ದೂರು ತಂದಿದ್ದರು.

"ಆಯಿ, ನಿಮ್ಮ ಮಾಳಿಗಿ ಬೆಳಕಿಗಿ ನಮ್ಮ ಕಣ್ಣ ಹೋಗ್ಲಾಕತ್ಯಾವಂತ ಹೇಳ್ರಿ."

"ನಮ್ಮ ಮಾಳಿಗಿ ಕಣ್ಣಿಗಿ ಛಂದ ಕಾಣಿಸ್ಲಾಕತ್ಯಾದಂತ" ಎಂದು ಅವ್ವ ನನ್ನ ಕಡೆ ತಿರುಗಿದಳು. "ತಮ್ಮದಕ್ಕೂ ಸುಣ್ಣಾ ಹಚ್ಚಂತ ಕೇಳ್ಲಾಕತ್ಯಾಳ. ಹಚ್ಚಿ ಕೊಡಪಾ."

ಆ ಸಂಜೆ ನಾನು ನೆರೆಮನೆಯ ಮಾಳಿಗೆಗೂ ಮೂರು ಕೈ ಸುಣ್ಣ ಬಳಿದೆ. ಧರ್ಮಣ್ಣ ಹಸಿರು ಕನ್ನಡಕ ಹಾಕಿಕೊಂಡು ಬಕೆಟ್ ಹಿಡಿದರು. ಕೆಳಗೆ ಇಬ್ಬರು ಹೆಂಗಸರು ಅವ್ವನ ಮೂಲಕ ಏನೇನು ಕೊಟ್ಟುಕೊಂಡರೋ ನನಗೆ ತಿಳಿಯದು. ನಾನು ಇಳಿದು ಬಂದಾಗ ನಮ್ಮ ಮೇಜಿನ ಮೇಲೆ ಆ ಮನೆಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು, ಮತ್ತು ಕಸ್ತೂರಿ ಬಹಳ ಸಿಟ್ಟಿನಿಂದ ಅದನ್ನು ತಿನ್ನುತ್ತಿದ್ದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಲವತ್ತು ಮಕ್ಕಳು ಬಂದರು. ಭಾಗ್ಯಶ್ರೀಯ ಕೈಯಲ್ಲಿ ನೋಟ್‌ಬುಕ್ ಇತ್ತು. ಗಡಿಗೆಯ ನೀರು ಕುಡಿದು ನೋಡಿದಳು. ಗೋಣಿಚೀಲ ಮುಟ್ಟಿ ನೋಡಿದಳು. ಮಾಳಿಗೆಗೆ ಹೋಗಿ ಕುಕ್ಕರಿನ ಮುಚ್ಚಳ ತೆಗೆದು, "ಸರ್, ಬ್ಯಾಳಿ ಹಸೀನೇ ಅದಾವು" ಎಂದಳು. ನೋಡಿದರೆ ಕನ್ನಡಿ ಉತ್ತರಕ್ಕೆ ಮುಖ ಮಾಡಿತ್ತು. ಮೆಟ್ಟಿಲಿನಿಂದ ಬರುವವರಿಗೆ ಚೆನ್ನಾಗಿ ಕಾಣಲಿ ಎಂದು ನಾನೇ ಹಾಗೆ ಇಟ್ಟಿದ್ದೆ. ಅವಳು ಪೆಟ್ಟಿಗೆಯನ್ನು ಬಿಸಿಲಿಗೆ ತಿರುಗಿಸಿ ಕೆಳಗೆ ಬಂದಳು. ಬಂದು ಪಡಸಾಲೆಯಲ್ಲಿ ನಿಂತಳು.

"ಸರ್, ಹಗಲ ಹನ್ನೆರಡಕ್ಕ ಲೈಟ್ ಯಾಕ ಹಚ್ಚೀರಿ?"

"ಅದು ಆ ಮನಿಯವರಿಗಿ ಬೇಕಾಗಿರಬೇಕವ್ವಾ."

ಅವಳು ತೂತಿನಲ್ಲಿ ತಲೆ ಹಾಕಿದಳು. "ಅಜ್ಜಾ, ಈ ಲೈಟ್ ನಿಮಗ ಬೇಕೇನ್ರೀ?"

"ನಮಗ್ಯಾಕವ್ವಾ? ಮಾಸ್ತರ್ ಓದ್ತಾರಂತ ಬಿಟ್ಟೀವಿ" ಎಂದರು ಧರ್ಮಣ್ಣ.

"ಎಂದಿನಿಂದ್ರೀ?"

"ಬುಧವಾರದಿಂದ."

ಅವಳು ಬರೆದುಕೊಂಡಳು. ಅಷ್ಟರಲ್ಲಿ ಅರ್ಧ ಮಕ್ಕಳು ಆ ಮನೆಗೆ ಓಡಿಹೋಗಿದ್ದರು. ಈ ಕಡೆಯವನೊಬ್ಬ ಸ್ವಿಚ್ಚು ಒತ್ತಿದ, ಬಲ್ಬು ಆರಿತು. ಆ ಕಡೆಯವಳೊಬ್ಬಳು ಒತ್ತಿದಳು, ಹತ್ತಿತು. ಇಂಥ ಆಟ ಸಿಕ್ಕ ಮೇಲೆ ಯಾವ ಮಕ್ಕಳು ಬಿಡುತ್ತಾರೆ? ಬಲ್ಬು ಹತ್ತಿ ಆರಿ ಹತ್ತಿ ಆರಿ, ನೋಡುವವರಿಗೆ ತಲೆ ತಿರುಗಿತು. ನಲವತ್ತು ಮಕ್ಕಳ ಕೂಗಿಗೆ ಎರಡೂ ಮನೆ ಅದುರಿದವು. ಧರ್ಮಣ್ಣ "ಸ್ವಿಚ್ಚು, ಸ್ವಿಚ್ಚು" ಎನ್ನುತ್ತಿದ್ದರು. ನಾನು "ಶಿಸ್ತು, ಶಿಸ್ತು" ಎನ್ನುತ್ತಿದ್ದೆ. ಕಸ್ತೂರಿಗೆ ತಡೆಯಲಾಗಲಿಲ್ಲ. ಅವ್ವನ ಕುರ್ಚಿ ದಾಟಿ ತೂತಿಗೆ ಬಾಯಿ ಕೊಟ್ಟು ಕೂಗಿದಳು.

"ಶಾಂತಕ್ಕಾ, ನೀವ್ ನಿಮ್ಮ ಕಡಿ ಹುಡುಗ್ರನ್ನ ಹಿಡೀರಿ, ನಾ ಈ ಕಡಿ ಹಿಡೀತೀನಿ!"

"ಹಿಡದೀನಿ ಕಸ್ತೂರೀ, ನೀ ಬಂದ್ ಮಾಡು!"

ಕಸ್ತೂರಿ ಬಂದ್ ಮಾಡಿದಳು. ಮಕ್ಕಳು ಸುಮ್ಮನಾದರು. ಆಮೇಲೆ ಹೆಂಗಸರಿಬ್ಬರಿಗೂ ತಾವು ಮಾತಾಡಿಬಿಟ್ಟೆವು ಎನ್ನುವುದು ಹೊಳೆಯಿತು. ಕಸ್ತೂರಿ ಸೆರಗು ಸರಿಮಾಡಿಕೊಂಡಳು. ಆ ಕಡೆ ಶಾಂತಾಬಾಯಿ ಕೆಮ್ಮಿದರು. ಬಲ್ಬು ಆರಿದ್ದರೂ ಪಡಸಾಲೆ ಕತ್ತಲಾಗಿರಲಿಲ್ಲ. ಅವರ ಹಿತ್ತಲ ಕಿಟಕಿಯ ಬೆಳಕು ತೂತಿನೊಳಗಿಂದ ಬಂದು ನಮ್ಮ ನೆಲದ ಮೇಲೆ ಬಿದ್ದಿತ್ತು. ಹದಿನೈದು ವರ್ಷ ಆ ಕೋಣೆಯಲ್ಲಿ ಹಗಲು ದೀಪ ಹಚ್ಚಿಕೊಂಡು ಕೂತವನು ನಾನು.

ಭಾಗ್ಯಶ್ರೀ ತೂತಿನ ಅಂಚಿನ ಸಿಮೆಂಟನ್ನು ಉಗುರಿನಿಂದ ಕೆರೆದಳು. "ಸರ್, ಇದಿನ್ನಾ ಹಸಿ ಅದ. ಸೋಮವಾರ ನಿಮ್ಮ ಮನ್ಯಾಗ ಇವು ಯಾವೂ ಇದ್ದಿದ್ದಿಲ್ಲ, ಹೌದಿಲ್ರೀ?"

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಧರ್ಮಣ್ಣ ಆ ಕಡೆಯಿಂದ ಮೆಲ್ಲಗೆ ಟವೆಲ್ ಇಳಿಬಿಟ್ಟರು.

"ಇದ್ದಿದ್ದಿಲ್ಲವ್ವಾ. ನಾ ಸುಳ್ಳ ಹೇಳಿದ್ದೆ."

"ಗೊತ್ತಿತ್ರೀ ಸರ್. ಅದಕ್ಕೇ ನಾಳಿಗಿ ಬರ್ತೀವಿ ಅನ್ನಲಾರ್ದ ಸನಿವಾರ ಅಂದಿದ್ದೆ" ಎಂದು ಅವಳು ನೋಟ್‌ಬುಕ್ ಮುಚ್ಚಿದಳು. ಅಷ್ಟು ದೊಡ್ಡ ಮನಸ್ಸಿನ ಇನ್‌ಸ್ಪೆಕ್ಟರನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ. ಮಕ್ಕಳಿಗೆ ಕೆಂಪು ಬಾಳೆಹಣ್ಣು ಹಂಚಿದೆವು. ಸಾಲದ್ದಕ್ಕೆ ಶಾಂತಾಬಾಯಿ ಸಂಡಿಗೆ ಕರಿದು ತೂತಿನಿಂದ ಕೊಟ್ಟರು. ಚಕ್ರದವೂ ಇದ್ದವು, ನಮ್ಮ ಉದ್ದನೆಯವೂ ಇದ್ದವು. ಯಾರೂ ಆ ವಿಷಯ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಎದ್ದು ಕುರ್ಚಿಯಲ್ಲಿ ಕೂತಳು. ಕಸ್ತೂರಿ ಬಂದು ಅವಳ ತಲೆಯ ಮೇಲಿಂದಲೇ ಶಾಂತಾಬಾಯಿಗೆ ಹೆಪ್ಪು ಕೇಳಿದಳು. ಶಾಂತಾಬಾಯಿ ಅವಳ ತಲೆಯ ಮೇಲಿಂದಲೇ ಕೊಟ್ಟರು. ಮಗಳ ಮನೆಯ ಸುದ್ದಿ ಹೇಳಿದರು. ಕಸ್ತೂರಿ ನಕ್ಕಳು. ಅವ್ವ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ದಾಟಿಸಲು ಅವಳಿಗೆ ಯಾರೂ ಒಂದು ಮಾತೂ ಕೊಡಲಿಲ್ಲ.

"ತಮ್ಮಾ, ನನ್ನ ಕಮಲಾಪುರಕ ಬಿಟ್ಟ್ ಬಾ" ಎಂದಳು. "ಇಲ್ಲಿ ನಂದೇನ್ ಕೆಲಸ ಅದ?"

ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಹಿಂದಿನ ಸೀಟಿನ ಗಂಡ ಹೆಂಡತಿಯ ಜಗಳವನ್ನು ಬಹಳ ಆಸೆಯಿಂದ ಕೇಳಿಸಿಕೊಂಡಳು. ಅವರು ನಡುವೆಯೇ ಇಳಿದುಹೋದಾಗ ಅವಳ ಮುಖ ಸಣ್ಣದಾಯಿತು.

ಅವ್ವನನ್ನು ಅಣ್ಣನ ಮನೆಗೆ ಮುಟ್ಟಿಸಿ, ಊಟ ಮಾಡಿ, ನಾನು ಕುಸನೂರಿಗೆ ತಿರುಗಿ ಬಂದಾಗ ಸಂಜೆಯಾಗಿತ್ತು. ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿತ್ತು. ಮನೆಯೊಳಗೆ ಒಂದು ದೀಪವೂ ಇರಲಿಲ್ಲ. ಟಿವಿ ಕಪ್ಪಗಿತ್ತು. ಕೂಲರು ನಿಂತಿತ್ತು. ಚಾರ್ಜರನ್ನು ಕಿತ್ತು ಮೇಜಿನ ಮೇಲಿಟ್ಟಿದ್ದರು. ನನ್ನ ಮನೆ ಇಷ್ಟು ಕಮ್ಮಿ ವಿದ್ಯುತ್ತಿನಲ್ಲಿ ಇದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಬೆವರು ಸುರಿಯುತ್ತಿತ್ತು. ಫ್ಯಾನ್ ಹಾಕಿ ಕುರ್ಚಿಯಲ್ಲಿ ಕುಸಿದೆ.

ಗೋಡೆಯ ಆ ಕಡೆಯಿಂದ ಕಸ್ತೂರಿಯ ದನಿ ಬಂತು. "ಬಂದ್ರೇನು? ನಾವೆಲ್ಲಾ ಇಲ್ಲೇ ಕೂತೀವಿ. ಬರ್ರಿ ಈ ಕಡಿ, ಶಾಂತಕ್ಕ ಮಂಡಾಳ ಒಗ್ಗರಣಿ ಹಾಕ್ಯಾರ."

ಬಗ್ಗಿ ನೋಡಿದೆ. ಒಂದು ಫ್ಯಾನಿನ ಕೆಳಗೆ ಮೂವರೂ ಮಂಡಕ್ಕಿಯ ತಟ್ಟೆ ಸುತ್ತ ಚಾಪೆಯ ಮೇಲೆ ಕೂತಿದ್ದರು. ನಾಲ್ಕನೆಯವನಿಗೆ ಜಾಗ ಬಿಟ್ಟಿದ್ದರು.

"ಬಂದೆ" ಎಂದು ಎದ್ದು ಚಪ್ಪಲಿ ಹುಡುಕಿದೆ.

"ಬರೂ ಮುಂದ ಆ ಫ್ಯಾನ್ ಬಂದ್ ಮಾಡ್ರಿ" ಎಂದಳು ಕಸ್ತೂರಿ.

ಮಾಡಿದೆ.